ಪೈಪಿನ ಸುತ್ತ ಅರ್ಧ ಇಂಚು

ಗೋಡೆ ಏನೂ ಅಲ್ಲ ಮಾರಾಯ್ರೆ,
ಗೋಡೆಯನ್ನು ಯಾರು ಬೇಕಾದರೂ ಮುಚ್ಚಬಹುದು.
ಗೋಡೆಯಿಂದ ಹೊರಗೆ ಬಂದದ್ದುಂಟಲ್ಲ,
ನೀರಿನ ಪೈಪು, ಸ್ವಿಚ್ಚು, ಕರೆಂಟಿನ ಪೆಟ್ಟಿಗೆ,
ಯಾವ ಕಾಲದ್ದೋ ಒಂದು ತುಕ್ಕು ಮೊಳೆ,
ಅಲ್ಲಿ ಗೊತ್ತಾಗುವುದು ಕೈಗೆ ವಿದ್ಯೆ ಹತ್ತಿದೆಯೋ ಇಲ್ಲವೋ.

ಬಿಜೈಯಲ್ಲಿ ನಾಲ್ಕು ಮಾಳಿಗೆಯ ಹಳೆ ಕಟ್ಟಡ.
ನೆಲದಡಿಯ ಕೋಣೆ ಸಿಪ್ರಿಯನ್ನರ ಬ್ಯಾಂಡ್ ಸೆಟ್ಟಿನದು:
ಐದು ಟ್ರಂಪೆಟ್, ಎರಡು ಸ್ಯಾಕ್ಸೋಫೋನ್,
ಮದುವೆಗೂ ಮರಣಕ್ಕೂ ಅದೇ ಕೆಂಪು ಕೋಟು.
ಮೂರನೇ ಮಾಳಿಗೆಯ ಯಮುನಾಕ್ಷಿ ಸಿಸ್ಟರ್
ರಾತ್ರಿಪಾಳಿ ಮುಗಿಸಿ ಕಂಕನಾಡಿಯಿಂದ ಎಂಟಕ್ಕೆ ಬಂದು
ಕಣ್ಣು ಮುಚ್ಚಿದರೆ ಕೆಳಗಿಂದ ದೊಡ್ಡ ಡ್ರಮ್ಮು.
ಸಂಘಕ್ಕೆ ಅರ್ಜಿ ಕೊಟ್ಟರು. ಬೈದಿರಲಿಲ್ಲ. ಒಂದೇ ಸಾಲು:
"ನನಗೂ ಹಗಲಲ್ಲಿ ಒಂದು ರಾತ್ರಿ ಬೇಕು."

ಹಾಗೆ ನನ್ನನ್ನು ಕರೆದರು.
ಒಂದು ವಾರ ನಾನು ಏನೂ ಮಾಡಲಿಲ್ಲ.
ಮುರಕಲ್ಲಿನ ಗೋಡೆ; ಆಟಿ ಕಳೆದರೂ ಒರತೆ ಒಳಗೇ ಇತ್ತು.
ಒದ್ದೆಯ ಮೇಲೆ ಹೊದೆಸಿದರೆ ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ.
ಅಂಗೈ ಇಟ್ಟು ನೋಡುವುದು, ತೆಗೆಯುವುದು, ಚಾ ಕುಡಿಯುವುದು.
ಚಾ ಕುಡಿದದ್ದಕ್ಕೂ ಕೂಲಿಯಾ, ಸಿಪ್ರಿಯನ್ನರಿಗೆ ಸಿಟ್ಟು.

ನನಗೆ ಕಲಿಸಿದ್ದು ಪೊಡಿಯಬ್ಬ ಕಾಕ,
ಬಂದರಿನ ಐಸ್ ಪ್ಲಾಂಟಿನಲ್ಲಿ ಮೂವತ್ತು ವರ್ಷ
ಪೈಪುಗಳಿಗೆ ಅಂಗಿ ತೊಡಿಸಿದವರು.
"ಸೆಖೆಗೆ ನಾವು ಬೆವರುತ್ತೇವೆ,
ತಣ್ಣಗಿರುವುದಕ್ಕೆ ಅದು ಬೆವರುತ್ತದೆ.
ಒರೆಸದೆ ಇಬ್ಬರಿಗೂ ಅಂಗಿ ಹಾಕಬಾರದು ಮೋನೆ."
ಅಳತೆ ತೆಗೆಯುವುದು ಪೇಪರಿನಲ್ಲಿ, ಅದೂ ಅವರದೇ ಪಾಠ:
ನಿನ್ನೆಯ ಪತ್ರಿಕೆಯನ್ನು ಗೋಡೆಗೆ ಒತ್ತಿ,
ಪೈಪು ಬಂದಲ್ಲಿ ಹರಿದು, ಅಂಚನ್ನು ಉಗುರಿನಿಂದ ಗೀರಿ.
ಚಿನ್ನದ ದರದ ನಡುವೆ ಒಂದು ತೂತು,
ಶ್ರದ್ಧಾಂಜಲಿಯ ಪುಟದಲ್ಲಿ ಇನ್ನೊಂದು,
ಯಾರದೋ ಮೀಸೆಯ ಪಕ್ಕದಲ್ಲೇ, ದುಂಡಗೆ.
ಅದನ್ನಿಟ್ಟು ರಾಕ್‌ವೂಲ್ ಕತ್ತರಿಸುವುದು.
ರಾತ್ರಿ ಮನೆಯಲ್ಲಿ ಕುತ್ತಿಗೆಗೆ ತೆಂಗಿನೆಣ್ಣೆ.
ತುರಿಕೆ ಹೋಗುವುದಿಲ್ಲ. ಹೋಗುತ್ತದೆ ಎಂದು ಹಚ್ಚುವುದು.

ಕರೆಂಟಿನ ಪೆಟ್ಟಿಗೆಯನ್ನೂ ಮುಚ್ಚಿಬಿಡಿ, ಚೆಂದ ಕಾಣ್ತದೆ ಎಂದರು.
ಆಗುವುದಿಲ್ಲ ಎಂದೆ.
ಅದಕ್ಕೆ ಗಾಳಿ ಬೇಕು;
ಕತ್ತಲೆಯಲ್ಲಿ ತಡಕುವ ಕೈಗೆ ಬಾಗಿಲು ಸಿಗಬೇಕು.
ಸುತ್ತ ಮರದ ಚೌಕಟ್ಟು ಕೊಟ್ಟು ಬಿಟ್ಟೆ.
ಆದರೆ ಪೈಪಿನ ಸುತ್ತ ಸಂದಿ ಬಿಟ್ಟಿರೋ, ಕೆಟ್ಟಿರಿ.
ಅರ್ಧ ಇಂಚು ಸಾಕು,
ಇಡೀ ಟ್ರಂಪೆಟ್ಟು ಮೈ ಮಡಚಿಕೊಂಡು ಮೇಲೆ ಹತ್ತುತ್ತದೆ.

ಕೊನೆಗೆ ಉಳಿದದ್ದು ಮೂಲೆಯ ದಪ್ಪ ಪೈಪು,
ಎಲ್ಲ ಮನೆಗಳ ನೀರು ಇಳಿಯುವುದು ಅದರಲ್ಲೇ.
ಸುತ್ತಲು ಹೊರಟೆ. ಸಿಪ್ರಿಯನ್ ಬಂದು ಅದಕ್ಕೆ ಕಿವಿಯಿಟ್ಟರು.
"ಕೆಲಸಕ್ಕೆ ಹೊರಡುವ ಮೊದಲು ಸಿಸ್ಟರ್
ಯೂನಿಫಾರ್ಮ್ ಒಗೆದು ಬಕೆಟ್ ಚೆಲ್ಲುತ್ತಾರೆ, ಒಮ್ಮೆಗೇ, ಧಡ ಅಂತ.
ಹಾಗೆ ಚೆಲ್ಲುವವರು ಈ ಕಟ್ಟಡದಲ್ಲಿ ಅವರೊಬ್ಬರೇ.
ಅರ್ಜಿ ಬಂದ ಮೇಲೆ ಅದನ್ನು ಕೇಳಿಯೇ ನಾವು ಶುರು ಮಾಡುವುದು."
ಇನ್ನು ಯಾವಾಗ ಬೇಕಾದರೂ ಊದಬಹುದಲ್ಲ ಎಂದೆ.
ಊದಬಹುದು ಎಂದರು. ಕಿವಿ ತೆಗೆಯಲಿಲ್ಲ.

ಪೈಪು ತಿರುಗುವಲ್ಲಿ ಕಸ ತೆಗೆಯುವ ಮುಚ್ಚಳ ಹೇಗೂ ಇತ್ತು.
ಅಲ್ಲಿ ಕೈಯಗಲದ ತುಂಡೊಂದನ್ನು
ಎಳೆದರೆ ಬರುವ ಹಾಗೆ, ಬಿಟ್ಟರೆ ಬಿಗಿಯುವ ಹಾಗೆ ಕೂರಿಸಿ
ಹಳೆ ಚಪ್ಪಲಿಯ ತೊಗಲಿನಿಂದ ಒಂದು ಕಿವಿ ಹೊಲಿದೆ.
ಅದನ್ನು ಬಿಲ್ಲಿಗೆ ಹಾಕಲಿಲ್ಲ.

ಪರೀಕ್ಷೆಗೆ ಕೆಳಗೆ ಎಲ್ಲರೂ ಊದತೊಡಗಿದರು,
ನಾನು ಮೂರನೇ ಮಾಳಿಗೆ ಹತ್ತಿದೆ.
ಸಿಸ್ಟರ್ ಬಾಗಿಲು ತೆರೆದರು, ಕಣ್ಣಲ್ಲಿ ನಿದ್ದೆ.
ಇಬ್ಬರೂ ನಿಂತು ಕೇಳಿದೆವು.
ಫ್ಯಾನು. ರಸ್ತೆಯಲ್ಲಿ ಒಂದು ಸಿಟಿ ಬಸ್ಸಿನ ಹಾರ್ನು. ಅಷ್ಟೇ.
"ಊದುತ್ತಾ ಇದ್ದಾರಾ?"
ಹೌದು ಎಂದೆ.
"ಯಾವ ಹಾಡು?"